ಕೊಟ್ಟವನೂ ತಪ್ಪಿತಸ್ಥನೇ?

ಪ್ರಶ್ನೆ: ನನ್ನ ಮಗ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಓದುತ್ತಿದ್ದಾನೆ. ಜ್ವರ ಬಂದು ಮಲಗಿದ್ದ ರೂಮ್‌ಮೇಟ್‌ಗೆ ತಾನು ಬರೆದ ಪ್ರೋಗ್ರಾಂ ಕೊಟ್ಟನಂತೆ. ಆ ಹುಡುಗ ಅದನ್ನೇ ಅಲ್ಪಸ್ವಲ್ಪ ತಿದ್ದಿ ಸಲ್ಲಿಸಿದ್ದರಿಂದ ಇಬ್ಬರಿಗೂ ನೋಟಿಸ್ ಬಂದಿದೆ. ಕಾಪಿ ಹೊಡೆದವನಿಗೆ ಶಿಕ್ಷೆಯಾಗಲಿ, ಕೊಟ್ಟವನಿಗೇಕೆ? ಕಷ್ಟದಲ್ಲಿರುವವರಿಗೆ ಇಲ್ಲವೆನ್ನಬಾರದೆಂದು ಕಲಿಸಿದವರು ನಾವೇ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಅಲ್ಲಿನ ಪದ್ಧತಿಯಲ್ಲಿ ಕೊಟ್ಟವನೂ ಹೊಣೆಗಾರನೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1921ರಲ್ಲಿ ಜಾರಿಗೆ ಬಂದ ನಡತೆಯ ಸಂಹಿತೆ, ಪರೀಕ್ಷೆಯಲ್ಲಿ ನೆರವನ್ನು ಪಡೆಯುವುದಿಲ್ಲ ಎನ್ನುವುದರ ಜೊತೆಗೆ ಕೊಡುವುದೂ ಇಲ್ಲ ಎಂಬ ಮಾತನ್ನು ವಿದ್ಯಾರ್ಥಿಗಳಿಂದ ಪಡೆಯುತ್ತದೆ. ಅಲ್ಲಿಯೇ ಪ್ರಾಧ್ಯಾಪಕರಾಗಿರುವ ಅಲೆಕ್ಸ್ ಐಕನ್ ಅವರು 1994ರಲ್ಲಿ ರೂಪಿಸಿದ ‘ಮಾಸ್’ ಎಂಬ ತಂತ್ರಾಂಶವು ವೇರಿಯೇಬಲ್‌ಗಳ ಹೆಸರು ಬದಲಿಸಿದರೂ ಎರಡು ಪ್ರೋಗ್ರಾಂಗಳ ಒಡಲಿನ ಹೋಲಿಕೆಯನ್ನು ಹಿಡಿಯುತ್ತದೆ. ಯಾರು ಯಾರಿಗೆ ಕೊಟ್ಟರು ಎಂಬುದನ್ನು ಮಾತ್ರ ಅದು ಹೇಳಲಾರದು. ಇಬ್ಬರಿಗೂ ನೋಟಿಸ್ ಹೋಗಲು ಅದೂ ಒಂದು ಕಾರಣವಿರಬಹುದು.

ನಮ್ಮಲ್ಲಿ ಈ ಗೆರೆ ಮಸುಕಾಗಿದೆ ಎಂಬುದನ್ನು ಒಪ್ಪಲೇಬೇಕು. ನಾನು ಪಿಯುಸಿಯಲ್ಲಿದ್ದಾಗ ಒಬ್ಬನ ಪ್ರಾಣಿಶಾಸ್ತ್ರದ ರೆಕಾರ್ಡ್ ಹಾಸ್ಟೆಲಿನ ಎಲ್ಲ ಕೋಣೆಗಳನ್ನೂ ಸುತ್ತಿ ಬಂದಿತ್ತು. ಕಪ್ಪೆಯ ಹೃದಯಕ್ಕೆ ಇರಬೇಕಾದ ಮೂರು ಕೋಣೆಗಳ ಬದಲು ಅವನು ನಾಲ್ಕು ಬರೆದಿದ್ದ. ಆ ವರ್ಷ ನಮ್ಮೆಲ್ಲರ ಕಪ್ಪೆಗಳಿಗೂ ನಾಲ್ಕೇ. ಮೇಷ್ಟ್ರು ಎಲ್ಲಕ್ಕೂ ಸಹಿ ಹಾಕಿದರು. ಅದನ್ನು ಮೋಸವೆಂದು ಯಾರೂ ಭಾವಿಸಲಿಲ್ಲ, ರೆಕಾರ್ಡ್ ಕೊಡದಿದ್ದರೆ ಮಾತ್ರ ಅವನು ಜಿಪುಣನೆನಿಸಿಕೊಳ್ಳುತ್ತಿದ್ದ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ, ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು. ಇಳಿಕೆಗೆ ಅದೊಂದೇ ಕಾರಣವೆನ್ನಲಾರೆ, ಆದರೂ ಕೊಠಡಿಯೊಳಗೆ ಎಷ್ಟು ‘ಸಹಕಾರ’ ನಡೆಯುತ್ತಿತ್ತೋ ಎಂಬ ಅನುಮಾನ ಬಾರದೆ ಇರದು.

ಹಾಗೆಂದು ಗೆಳೆಯರಿಂದ ಕಲಿಯುವುದು ತಪ್ಪಲ್ಲ. ವಿದ್ಯೆಯ ಕಾಲು ಭಾಗ ಗುರುವಿನಿಂದ, ಕಾಲು ಸ್ವಂತ ಬುದ್ಧಿಯಿಂದ, ಕಾಲು ಸಹಪಾಠಿಗಳಿಂದ, ಉಳಿದದ್ದು ಕಾಲಕ್ರಮದಲ್ಲಿ ಬರುತ್ತದೆ ಎಂದು ಸುಭಾಷಿತವೇ ಹೇಳಿದೆ. ನಿಮ್ಮ ಮಗ ಗೆಳೆಯನ ಪಕ್ಕ ಕುಳಿತು ಲೆಕ್ಕದ ದಾರಿಯನ್ನು ವಿವರಿಸಿದ್ದರೆ ಅದು ಆ ಕಾಲು ಭಾಗಕ್ಕೆ ಸೇರುತ್ತಿತ್ತು (ಕೆಲವು ಕೋರ್ಸ್‌ಗಳಲ್ಲಿ ಅದಕ್ಕೂ ಅನುಮತಿ ಇರುವುದಿಲ್ಲ). ಫೈಲನ್ನೇ ಕೊಟ್ಟಾಗ ಗೆಳೆಯ ಕಲಿತದ್ದೇನೂ ಇಲ್ಲ. ಜ್ವರವಿದ್ದವನಿಗೆ ಬೇಕಾಗಿದ್ದದ್ದು ಗಡುವು ವಿಸ್ತರಣೆ. ಪ್ರಾಧ್ಯಾಪಕರಿಗೆ ಮಿಂಚಂಚೆ ಬರೆಯಲು ಹೇಳಿದ್ದರೂ ಅದು ಸಹಾಯವೇ ಆಗುತ್ತಿತ್ತು.

ಈಗ ನೋಟಿಸಿನಲ್ಲಿರುವ ಗಡುವಿನೊಳಗೆ ನಡೆದದ್ದನ್ನು ನಡೆದಂತೆಯೇ ಬರೆಯಲಿ. ತಾನೇ ಬರೆದದ್ದೆಂದು ತೋರಿಸುವ ಹಳೆಯ ಕರಡುಗಳನ್ನೂ ಅವುಗಳ ದಿನಾಂಕಗಳನ್ನೂ ಲಗತ್ತಿಸಲಿ. ಇಬ್ಬರೂ ಕೂಡಿ ಒಂದೇ ಕಥೆ ಹೆಣೆಯುವುದು ಬೇಡ, ಅದು ಎರಡನೆಯ ಅಪರಾಧವಾದೀತು. ಅಮಾನತಾದರೆ ವಿದ್ಯಾರ್ಥಿ ವೀಸಾಕ್ಕೂ ತೊಂದರೆ ಬರಬಹುದಾದ್ದರಿಂದ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಅವನು ಇಂದೇ ಕಾಣಲಿ.