‘ಇಲ್ಲ’ ಅಂತ ಬರೆದರೆ ಸಿಕ್ಕಿಬೀಳ್ತೀನಾ?

ಕಾಲೇಜಿನಲ್ಲಿದ್ದಾಗ ಹೊಡೆದಾಟದ ಕೇಸ್ ಆಗಿತ್ತು, ಕೋರ್ಟಿನಲ್ಲಿ ದಂಡ ಕಟ್ಟಿ ಮುಗಿಸಿದ್ದೀರಿ. ಈಗ ಬೆಂಗಳೂರಿನ ಕಂಪನಿಯ ವೆರಿಫಿಕೇಶನ್ ಫಾರಂನಲ್ಲಿ ‘ಇಲ್ಲ’ ಅಂತ ಬರೆದರೆ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿಕೊಂಡಿದ್ದೆ. ‘ಯಾರಿಗೆ ಗೊತ್ತಾಗುತ್ತೆ ಬಿಡು’ ಅಂತ ಉತ್ತರವನ್ನೂ ನಾನೇ ಕೊಟ್ಟುಕೊಂಡಿದ್ದೆ.

ನಮ್ಮದು ಮಂಡ್ಯ ಕಡೆಯ ಹಳ್ಳಿ. ಯುಗಾದಿ ಮಾರನೇ ದಿನ ಹೊಸತೊಡಕು. ಬೆಳಿಗ್ಗೆ ಗುಡ್ಡೆ ಮಾಂಸ, ಊಟ ಆದ ಮೇಲೆ ಅಂದರ್ ಬಾಹರ್. ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ತೋಪಿನಲ್ಲಿ ಟವೆಲ್ ಹಾಸಿಕೊಂಡು ಕೂತವರ ಜೊತೆ ನಾನೂ ಕೂತೆ. ಜೀಪು ಬಂತು. ಆಟದಲ್ಲಿ ಪಳಗಿದವರೆಲ್ಲ ಓಡಿದರು, ನಮ್ಮಂಥ ಹೊಸಬರು ಸಿಕ್ಕಿಕೊಂಡೆವು. ಎಲೆ, ಪಣದ ದುಡ್ಡು, ಕೊನೆಗೆ ಆ ಟವೆಲ್ ಕೂಡ ಪಂಚನಾಮೆಗೆ ಸೇರಿತು. ಕೆ.ಪಿ. ಆಕ್ಟ್ 87. ಅಂದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಸಾರ್ವಜನಿಕ ಜಾಗದಲ್ಲಿ ಜೂಜಾಡುವುದಕ್ಕೆ ಇರುವ ಸೆಕ್ಷನ್. ಸಂಜೆ ಸ್ಟೇಷನ್ ಬೇಲ್ ಮೇಲೆ ಮನೆಗೆ ಬಂದೆವು. ಅಪ್ಪ ಎರಡು ದಿನ ಮಾತಾಡಲಿಲ್ಲ.

ಆಮೇಲೆ ಸಮನ್ಸ್ ಬಂತು. ವಕೀಲರು ಕೋರ್ಟಿನ ಪಡಸಾಲೆಯಲ್ಲೇ ಹೇಳಿದರು: “ಒಪ್ಕೊಂಡ್ಬಿಡ್ರಪ್ಪ, ಇನ್ನೂರು ರೂಪಾಯಿ ಕಟ್ಟಿ ಬಸ್ ಹತ್ತಿ.” ಸಾಹೇಬರು ತಪ್ಪು ಒಪ್ಪಿಕೊಳ್ತೀರಾ ಅಂದರು, ಹೂಂ ಸ್ವಾಮಿ ಅಂದೆವು, ದುಡ್ಡು ಕಟ್ಟಿ ಹೊರಗೆ ಬಂದೆವು. ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದು ದಂಡ ಕಟ್ಟಿದ ಹಾಗೆ ಅಂದುಕೊಂಡಿದ್ದೆ ನಾನು. ತಪ್ಪು ಒಪ್ಪಿಕೊಂಡು ದಂಡ ಕಟ್ಟುವುದು ಅಂದರೆ ಶಿಕ್ಷೆ ಆಗುವುದು ಅಂತಲೇ ಅರ್ಥ. ಕಾನೂನಿನ ಲೆಕ್ಕದಲ್ಲಿ ನಾನು ಅಪರಾಧಿ ಅಂತ ತೀರ್ಮಾನ ಆಗಿ ಹೋಗಿತ್ತು. ಇದನ್ನು ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ನಿಮಗೂ ಹೇಳಿರಲಿಕ್ಕಿಲ್ಲ, ಅದಕ್ಕೇ ‘ಮುಗಿಸಿದ್ದೇನೆ’ ಅಂತ ಬರೆದಿದ್ದೀರಿ.

ಎರಡು ಮೂರು ವರ್ಷ ಕಳೆದು ಕೇಂದ್ರ ಸರ್ಕಾರದ ಒಂದು ಉದ್ದಿಮೆಯಲ್ಲಿ ಕೆಲಸ ಸಿಕ್ಕಿತು. ಸೇರುವಾಗ ಅಟೆಸ್ಟೇಶನ್ ಫಾರಂ ಕೊಟ್ಟರು. ನಾನು ಕೆಟ್ಟಿದ್ದು ಅಲ್ಲಿ. ಸ್ವಲ್ಪ ವಿವರವಾಗಿ ಹೇಳ್ತೀನಿ, ಸಹಿಸಿಕೊಳ್ಳಿ.

ಆ ಫಾರಂನಲ್ಲಿ ‘ಕ್ರಿಮಿನಲ್ ಕೇಸ್ ಇದೆಯಾ’ ಅಂತ ಒಂದೇ ಪ್ರಶ್ನೆ ಇರಲ್ಲ. ಬಿಡಿಬಿಡಿಯಾಗಿ ಕೇಳುತ್ತಾರೆ. ಯಾವತ್ತಾದರೂ ಬಂಧನ ಆಗಿದೆಯಾ? ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯಾ? ಕೋರ್ಟು ದಂಡ ಹಾಕಿದೆಯಾ? ಶಿಕ್ಷೆ ಆಗಿದೆಯಾ? ಈಗ ಯಾವುದಾದರೂ ಕೇಸ್ ಬಾಕಿ ಇದೆಯಾ? ಒಂದೊಂದಕ್ಕೂ ಹೌದು ಅಥವಾ ಇಲ್ಲ. ನಾನು ಓದಿದ್ದು ಕೊನೆಯದನ್ನು ಮಾತ್ರ. ಬಾಕಿ ಏನೂ ಇಲ್ಲವಲ್ಲ ಅಂತ ಮೇಲಿಂದ ಕೆಳಗಿನವರೆಗೆ ‘ಇಲ್ಲ’ ಅಂತ ಎಳೆದುಬಿಟ್ಟೆ. ‘ಕೋರ್ಟು ದಂಡ ಹಾಕಿದೆಯಾ’ ಅನ್ನುವ ಸಾಲಿನ ಎದುರೂ ‘ಇಲ್ಲ’. ಬೇಲ್ ಮೇಲೆ ಬಂದಿದ್ದೆ ಅಂದ ಮೇಲೆ ಬಂಧನದ ಸಾಲಿಗೂ ‘ಹೌದು’ ಅಂತಲೇ ಬರೆಯಬೇಕಿತ್ತು. ಇನ್ನು ಫಾರಂನ ತಲೆಯ ಮೇಲೆಯೇ ಎಚ್ಚರಿಕೆ ಅಚ್ಚಾಗಿರುತ್ತೆ: ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮುಚ್ಚಿಟ್ಟರೆ ಕೆಲಸಕ್ಕೆ ಅನರ್ಹ ಅಂತ. ಅದರ ಕೆಳಗೇ ಸುಳ್ಳು ಬರೆದು ಸಹಿ ಹಾಕಿದ್ದೆ. ಮರೆತಿದ್ದೆ ಅನ್ನಲಾ? ಹೊಸತೊಡಕಿನ ಜೀಪನ್ನು ಯಾರು ಮರೀತಾರೆ?

ಫಾರಂ ನಮ್ಮೂರಿನ ಠಾಣೆಗೆ ಹೋಯಿತು. ಅಲ್ಲಿಂದ ವರದಿ ಬರುವ ಹೊತ್ತಿಗೆ ನಾನು ಸೇರಿ ಸಂಬಳ ಎಣಿಸುತ್ತಿದ್ದೆ. ನೋಟಿಸ್ ಬಂತು, ಉತ್ತರ ಕೊಟ್ಟೆ, ಪ್ರೊಬೇಷನ್‌ನಲ್ಲೇ ಮನೆಗೆ ಕಳಿಸಿದರು. ನೋಟಿಸಿನಲ್ಲಿ ಜೂಜಿನ ಬಗ್ಗೆ ಅರ್ಧ ಸಾಲು, ಮುಚ್ಚಿಟ್ಟಿದ್ದರ ಬಗ್ಗೆ ಒಂದು ಪುಟ. ಅದೇ ಟವೆಲ್ ಮೇಲೆ ನನ್ನ ಪಕ್ಕ ಕೂತಿದ್ದವನು, ಅದೇ ಪಂಚನಾಮೆಯಲ್ಲಿ ಹೆಸರಿದ್ದವನು, ಇನ್ನೊಂದು ಸರ್ಕಾರಿ ಕೆಲಸಕ್ಕೆ ಎಲ್ಲವನ್ನೂ ಬರೆದುಕೊಟ್ಟ. ಸ್ವಲ್ಪ ತಡವಾಯಿತು, ವಿವರಣೆ ಕೇಳಿದರು, ತೆಗೆದುಕೊಂಡರು. ಈಗಲೂ ಅಲ್ಲೇ ಇದ್ದಾನೆ, ಇನ್‌ಕ್ರಿಮೆಂಟ್ ಬಂದಾಗ ಫೋನ್ ಮಾಡ್ತಾನೆ, ಮಹಾನುಭಾವ.

ವಕೀಲರೊಬ್ಬರು ಆಗ ಅವತಾರ್ ಸಿಂಗ್ ಕೇಸನ್ನು ತೋರಿಸಿದರು. 2016ರ ಸುಪ್ರೀಂ ಕೋರ್ಟ್ ತೀರ್ಪು. ಇಂಥ ವಿಷಯಕ್ಕೆ ಎಲ್ಲರೂ ಮೊದಲು ನೋಡುವುದು ಅದನ್ನೇ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೆ ಉದ್ಯೋಗ ಕೊಟ್ಟವರು ಅದನ್ನು ಮನ್ನಿಸಬಹುದು ಅನ್ನುತ್ತೆ. ಮನ್ನಿಸಬಹುದು, ಅಷ್ಟೇ. ಮನ್ನಿಸಲೇಬೇಕು ಅಂತಿಲ್ಲ. ನಿಜ ಬರೆದುಕೊಟ್ಟರೂ ಕೆಲಸ ಕೊಡಲೇಬೇಕು ಅಂತ ಕಟ್ಟಿಹಾಕುವ ಹಾಗಿಲ್ಲ ಅಂತಲೂ ಅದರಲ್ಲೇ ಇದೆ. ಹೈಕೋರ್ಟಿಗೆ ಹೋಗಿ ಅಂದರು. ಮನೆಯಲ್ಲಿ ತಂಗಿ ಮದುವೆ ಇತ್ತು, ಹೋಗಲಿಲ್ಲ.

ನಿಮ್ಮದು ಖಾಸಗಿ ಕಂಪನಿ, ಅಲ್ಲಿ ನಡೆಯುವುದು ಬೇರೆ ಥರ. ಕಂಪನಿ ಒಂದು ಏಜೆನ್ಸಿಗೆ ಕೊಡುತ್ತೆ. ಅವರು ಇ-ಕೋರ್ಟ್ಸ್ ಅನ್ನುವ, ಕೋರ್ಟು ಕೇಸುಗಳ ಸರ್ಕಾರಿ ವೆಬ್‌ಸೈಟಿನ ದಾಖಲೆಯಲ್ಲಿ ನಿಮ್ಮ ಹೆಸರು ಹುಡುಕುತ್ತಾರೆ. ಅದು ತೆರೆದೇ ಇದೆ, ತಾಲೂಕು ಕೋರ್ಟಿನವರೆಗೂ ನೀವೂ ನಾನೂ ಹುಡುಕಬಹುದು. ಮೊದಲು ನೀವೇ ಹುಡುಕಿ ನೋಡಿ. ಕೆಲವು ಕಂಪನಿಗಳು ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ತನ್ನಿ ಅನ್ನುತ್ತವೆ. ಅದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಅದು ಮತ್ತೆ ಠಾಣೆಗೇ ಹೋಗುತ್ತೆ. ಹಳೆಯ ಸಣ್ಣ ಕೇಸು ಇ-ಕೋರ್ಟ್ಸ್‌ನಲ್ಲಿ ಸಿಗದೇ ಇರಬಹುದು, ಸುಳ್ಳು ಯಾಕೆ ಹೇಳಲಿ. ಆದರೆ ಇವತ್ತು ಸಿಗದಿದ್ದದ್ದು ನೀವು ಮನೆ ಸಾಲ ತೆಗೆದುಕೊಂಡ ಮೇಲೆ, ಹೊಸ ಕ್ಲೈಂಟ್ ಇನ್ನೊಂದು ಸಲ ಚೆಕ್ ಮಾಡಿಸಿದಾಗ ಸಿಕ್ಕರೆ? ಆಫರ್ ಲೆಟರ್ ತೆಗೆದು ಓದಿ. ಕೊಟ್ಟ ಮಾಹಿತಿ ಸುಳ್ಳಾದರೆ ಕೆಲಸದಿಂದ ತೆಗೆಯುತ್ತೇವೆ ಅನ್ನುವ ಸಾಲು ಇದ್ದೇ ಇರುತ್ತೆ. ಅದಕ್ಕೆ ಕಾಲಮಿತಿ ಹಾಕಿರಲ್ಲ. ಹಾಗಾಗಿ ‘ಸಿಕ್ಕಿಬೀಳ್ತೀನಾ’ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಹೇಗೆ ಬರೆಯಬೇಕು ಅಂತ ಕೇಳಿ.

ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಿರಿ. ‘ಶಿಕ್ಷೆ ಆಗಿದೆಯಾ’ ಅಂತ ಕೇಳಿದ್ದರೆ, ನಿಮಗೆ ದಂಡ ಆಗಿರುವುದರಿಂದ ‘ಹೌದು’. ಅದೇ ಕೇಸು ರಾಜಿಯಾಗಿಯೋ ಬಿಡುಗಡೆಯಾಗಿಯೋ ಮುಗಿದಿದ್ದರೆ ಆ ಪ್ರಶ್ನೆಗೆ ‘ಇಲ್ಲ’ ಅನ್ನುವುದೇ ನಿಜ. ಆದರೆ ‘ಯಾವತ್ತಾದರೂ ಎಫ್‌ಐಆರ್ ಆಗಿದೆಯಾ’ ಅಂತ ಕೇಳಿದರೆ ಬಿ ರಿಪೋರ್ಟ್ ಹಾಕಿದ, ಅಂದರೆ ಚಾರ್ಜ್‌ಶೀಟ್ ಇಲ್ಲದೆ ಪೊಲೀಸರೇ ಮುಚ್ಚಿದ ಕೇಸನ್ನೂ ಬರೆಯಬೇಕು. ಕೇಳದೇ ಇದ್ದದ್ದನ್ನು ಹರಿಶ್ಚಂದ್ರನ ಹಾಗೆ ಹೇಳಿಕೊಂಡು ಹೋಗಬೇಡಿ. ಕೇಳಿದ್ದನ್ನಷ್ಟೇ ಹೇಳುವ ಕರ್ತವ್ಯ ಅಂತ ಅದೇ 2016ರ ತೀರ್ಪು ಹೇಳುತ್ತೆ. ಘಟನೆ ಆದಾಗ ನಿಮಗೆ 18 ತುಂಬಿರಲಿಲ್ಲ ಅಂದರೆ ವಿಷಯವೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅದರಿಂದ ಅನರ್ಹತೆ ಅಂಟಿಕೊಳ್ಳಲ್ಲ, 16 ದಾಟಿ ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆ ಆಗಿದ್ದರೆ ಬಿಟ್ಟು. ಆಗ ಬರೆಯುವ ಮೊದಲು ವಕೀಲರನ್ನು ನೋಡಿ.

ಇನ್ನೊಂದು. ಕುಡಿದು ಗಾಡಿ ಓಡಿಸಿ ಕೋರ್ಟಿಗೆ ಹೋಗಿ ದಂಡ ಕಟ್ಟಿದವರು ಅದನ್ನು ‘ಟ್ರಾಫಿಕ್ ಫೈನ್’ ಅಂತಾರೆ. ಅಲ್ಲ. ಮೋಟಾರು ವಾಹನ ಕಾಯ್ದೆ 185ರಲ್ಲಿ ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಹಾಕಬಹುದು. ಚೆಕ್ ಬೌನ್ಸ್ ಕೂಡ ಕ್ರಿಮಿನಲ್ ಕೇಸೇ. ಜಮೀನಿನ ಭಾಗದ ದಾವೆ ಕ್ರಿಮಿನಲ್ ಅಲ್ಲ, ಅದಕ್ಕೆ ಹೆದರಬೇಡಿ. ನಿಮ್ಮ ಹೆಸರು ಮಂಜುನಾಥ ಅಂತಿದ್ದರೆ ಬೇರೆ ಯಾರದೋ ಕೇಸು ನಿಮ್ಮ ತಲೆಗೆ ಬರಬಹುದು. ಆಗ ವರದಿ ಕೇಳಿ ಪಡೆದು, ತಂದೆ ಹೆಸರು, ಊರು ಬೇರೆ ಅಂತ ತೋರಿಸಿ ಈಮೇಲ್ ಹಾಕಿ. ಫೋನಿನಲ್ಲಿ ಎಚ್‌ಆರ್ “ಪರವಾಗಿಲ್ಲ ಬಿಡಿ” ಅಂದರೆ ಅದನ್ನು ನಂಬಬೇಡಿ, ಬರಹದಲ್ಲಿರಲಿ.

ಕೆಲಸ ಹೋದ ಮೇಲೆ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಅರ್ಜಿ ಹಾಕಿದಾಗ ಜೂಜಿನ ಕೇಸಿನ ಕೋರ್ಟು ಆದೇಶದ ನಕಲನ್ನೇ ಲಗತ್ತಿಸಿದ್ದೆ. ವರ್ಷ, ಸೆಕ್ಷನ್, ದಂಡ ಎಷ್ಟು, ಆಮೇಲೆ ಬೇರೆ ಕೇಸಿಲ್ಲ. ನಾಲ್ಕು ಸಾಲು, ಕಥೆ ಇಲ್ಲ, ಗೋಳಾಟ ಇಲ್ಲ. ಮ್ಯಾನೇಜರ್ ಓದಿ ಕೇಳಿದ್ದು ಇಷ್ಟೇ: “ಗೆದ್ದಿದ್ದೆಷ್ಟು?” ಎಲ್ಲರಿಗೂ ಅಂಥವರೇ ಸಿಗ್ತಾರೆ ಅನ್ನಲ್ಲ. ಬ್ಯಾಂಕ್ ಕೆಲಸವಾಗಿ, ಕೇಸು ಮೋಸದ್ದಾಗಿದ್ದರೆ ಬಾಗಿಲು ಮುಚ್ಚಲೂಬಹುದು. ನಿಮ್ಮದು ಹಾಸ್ಟೆಲ್ ಗಲಾಟೆ.

ನಕಲು ಇಲ್ಲದಿದ್ದರೆ ಈ ವಾರವೇ ಆ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಸಣ್ಣ ಕೇಸಿನ ಕಡತಗಳನ್ನು ವರ್ಷಗಳಾದ ಮೇಲೆ ನಾಶ ಮಾಡುತ್ತಾರೆ. ಆಮೇಲೆ ದಂಡ ಎಷ್ಟಿತ್ತು ಅಂತ ತೋರಿಸಲು ನಿಮ್ಮ ಬಾಯಿಮಾತು ಬಿಟ್ಟರೆ ಏನೂ ಉಳಿಯಲ್ಲ. ಇನ್ನು ಆ ಏಜೆಂಟ್ ದುಡ್ಡು ತಗೊಂಡು ದಾಖಲೆ ‘ಕ್ಲಿಯರ್’ ಮಾಡಿಸ್ತಾನೆ ಅಂತ ಕೇಳಿದ್ದೀರಲ್ಲ, ಅವನ ನಂಬರ್ ಅಳಿಸಿ. ಅವನು ತಂದುಕೊಡುವುದು ನಕಲಿ ಸರ್ಟಿಫಿಕೇಟ್. ಅದನ್ನು ಕೊಟ್ಟು ಸಿಕ್ಕಿಬಿದ್ದರೆ ಅದಕ್ಕೆ ಬೇರೆಯದೇ ಎಫ್‌ಐಆರ್ ಆಗುತ್ತೆ, ಇನ್ನೂರು ರೂಪಾಯಿಗೆ ಮುಗಿಯಲ್ಲ.