ಕಾಗದ ಕೈಗೆ ಬಂದ ದಿನವೇ ಓದು

ಅಕ್ಕಾ ಅಂತ ಕರೆದು ಕೇಳಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಬಂದು ಎರಡು ತಿಂಗಳಾಯಿತು, ಶನಿವಾರ ನಿರಾಶ್ರಿತರಿಗೆ ಇಂಗ್ಲಿಷ್ ಹೇಳಿಕೊಡಲು ಹೋಗುವ ಆಸೆ, ಅದರಿಂದ ವೀಸಾಗೆ ತೊಂದರೆ ಆಗುತ್ತಾ, "ಅವರಿಗೆ ಎಲ್ಲ ಬಿಟ್ಟಿ ಸಿಗುತ್ತೆ" ಅಂತ ರೂಮ್‌ಮೇಟ್ ಹೇಳುವುದು ನಿಜವಾ ಅಂತ ಕೇಳಿದ್ದೀಯ. ಬಾಡಿಗೆ, ಚಳಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆ ಕೋಟು ತಗೋ, ಮನೆ ಕಣ್ಣಾರೆ ನೋಡದೆ ದುಡ್ಡು ಕಳಿಸಬೇಡ.

ವೀಸಾಗೆ ತೊಂದರೆ ಇಲ್ಲ. ಆದರೆ ಸುಮ್ನೆ ಹೋಗಿ ಸಹಾಯ ಮಾಡುವುದು ಬೇರೆ, ಸಂಬಳ ಇಲ್ಲದಿದ್ದರೂ ಒಪ್ಪಂದ ಮಾಡಿಕೊಂಡು ಇಂತಿಷ್ಟು ಗಂಟೆ ದುಡಿಯುವುದು ಬೇರೆ. ಎರಡನೆಯದು ವಿದ್ಯಾರ್ಥಿ ವೀಸಾದಲ್ಲಿ ದುಡಿಯಲು ಬಿಡುವ ನಿನ್ನ ವಾರದ 20 ಗಂಟೆಯ ಲೆಕ್ಕಕ್ಕೆ ಬರುತ್ತದೆ. ಯೂನಿವರ್ಸಿಟಿಯಲ್ಲಿ ಒಮ್ಮೆ ಕೇಳಿಕೋ.

ನಾನು ಬಂದದ್ದು 2004ರಲ್ಲಿ, ಗಂಡನ ಕೆಲಸದ ಪರ್ಮಿಟ್ ಮೇಲೆ. ಹೀಥ್ರೋದಲ್ಲಿ ಫೈಲು ಎದೆಗೆ ಅವುಚಿಕೊಂಡು ನಿಂತಿದ್ದೆ. ಐದು ನಿಮಿಷದಲ್ಲಿ ಮುದ್ರೆ ಬಿತ್ತು. ಪಕ್ಕದ ಬೆಂಚಿನಲ್ಲಿ ಒಂದು ಕುಟುಂಬ ಕೂತಿತ್ತು, ಮಗು ನಿದ್ದೆ ಹೋಗಿತ್ತು, ಅವರ ಹತ್ತಿರ ಒಂದು ಪ್ಲಾಸ್ಟಿಕ್ ಚೀಲ ಬಿಟ್ಟು ಏನೂ ಇರಲಿಲ್ಲ. ನಾವು ಸಾಲಿನಲ್ಲಿ ನಿಂತು, ಕಾಗದಪತ್ರ ಸರಿ ಇಟ್ಟುಕೊಂಡು ಬಂದವರು ಅಂತ ನನಗೆ ಆಗ ಹೆಮ್ಮೆ ಇತ್ತು. ಎಷ್ಟೋ ವರ್ಷ ಇತ್ತು. ಅವರಿಗೆ ನಿಲ್ಲಲು ಸಾಲೇ ಇಲ್ಲ ಅಂತ ಆಮೇಲೆ ತಿಳಿಯಿತು. ಆಶ್ರಯ ಕೇಳಲು ಬರುತ್ತೇನೆ ಎಂದರೆ ಬ್ರಿಟನ್ ವೀಸಾ ಕೊಡುವುದಿಲ್ಲ, ಈ ನೆಲದ ಮೇಲೆ ಕಾಲಿಟ್ಟ ಮೇಲೇ ಕೇಳಬೇಕು. ಅದಕ್ಕೇ 1951ರ ನಿರಾಶ್ರಿತರ ಒಪ್ಪಂದದ 31ನೇ ವಿಧಿ, ಜೀವಭಯದಿಂದ ನೇರ ಓಡಿಬಂದು ತಡಮಾಡದೆ ಅಧಿಕಾರಿಗಳ ಮುಂದೆ ನಿಂತವರನ್ನು ಅಕ್ರಮವಾಗಿ ಬಂದರೆಂದು ಶಿಕ್ಷಿಸಬೇಡಿ ಅನ್ನುತ್ತದೆ.

ಇನ್ನು ಬಿಟ್ಟಿ ವಿಷಯ. 2024ರಲ್ಲಿ ಆಶ್ರಯಕ್ಕೆ ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯುವ ಒಬ್ಬರಿಗೆ ಸರ್ಕಾರ ವಾರಕ್ಕೆ 49 ಪೌಂಡ್ 18 ಪೆನ್ಸ್ ಕೊಡುತ್ತಿತ್ತು. ಊಟ ಹಾಕುವ ಹೋಟೆಲಿನಲ್ಲಿ ಇಟ್ಟಿದ್ದರೆ 10 ಪೌಂಡಿಗೂ ಕಡಿಮೆ. ದುಡಿಯೋಣ ಅಂದರೆ ಬಿಡುವುದಿಲ್ಲ. 12 ತಿಂಗಳು ಕಾದ ಮೇಲೆ ಅನುಮತಿ ಕೇಳಬಹುದು, ಅದೂ ಪಟ್ಟಿಯಲ್ಲಿರುವ ಕೆಲವೇ ಕೆಲಸಗಳಿಗೆ. ಡಾಕ್ಟರಾಗಿದ್ದವರು, ಮೇಷ್ಟ್ರಾಗಿದ್ದವರು ದಿನವಿಡೀ ಕಿಟಕಿ ನೋಡುತ್ತಾ ಕೂರುವುದನ್ನು ಕಂಡಿದ್ದೇನೆ. ರೂಮ್‌ಮೇಟ್‌ಗೆ ಇದನ್ನು ಹೇಳು, ಜಗಳ ಮಾಡಬೇಡ.

ನನಗೆ ಮುಖ್ಯವಾಗಿ ಹೇಳಬೇಕಾದ್ದು ಬೇರೆ ಇದೆ. ಇಲ್ಲಿ ನೋಂದಣಿ ಇಲ್ಲದವರು ವಲಸೆ ಕಾನೂನಿನ ಸಲಹೆ ಕೊಡುವುದು 1999ರ ಕಾಯಿದೆ ಪ್ರಕಾರ ಅಪರಾಧ. ಒಂದು ಸಂಸ್ಥೆಯ ಪರವಾಗಿ ಬಿಟ್ಟಿ ಕೊಟ್ಟರೂ ಅಪರಾಧವೇ. ನಿಯಮದ ಉದ್ದೇಶ ಒಳ್ಳೆಯದು, ಸುಳ್ಳು ಏಜೆಂಟರು ಈ ಜನರನ್ನು ಸುಲಿಯಬಾರದು ಅಂತ. ನಾನೂ ನಿರಾಶ್ರಿತರಿಗೆ ಇಂಗ್ಲಿಷ್ ಹೇಳಿಕೊಡಲು ಹೋಗುತ್ತಿದ್ದ ಗುಂಪಿನಲ್ಲಿ ಮೊದಲ ದಿನವೇ ಎಚ್ಚರಿಸಿದ್ದರು. ನಾನು ಎಷ್ಟು ಹೆದರಿದೆನೆಂದರೆ, ನಮ್ಮದೂ ವೀಸಾದ ಬದುಕೇ ಆಗಿತ್ತಲ್ಲ, ಯಾರಾದರೂ ಕಾಗದ ತೋರಿಸಿದರೆ ಮುಟ್ಟುತ್ತಲೇ ಇರಲಿಲ್ಲ.

2018ರ ಒಂದು ಗುರುವಾರ ಸುಡಾನಿನ ಹುಡುಗನೊಬ್ಬ ಕ್ಲಾಸು ಮುಗಿದ ಮೇಲೆ ಲಕೋಟೆ ಚಾಚಿದ. ಓದಿ ಹೇಳಿ ಅಂದ, ಅಷ್ಟೇ. ನಾನು "ಮುಂದಿನ ವಾರ ಕೋಆರ್ಡಿನೇಟರ್ ಬರುತ್ತಾರೆ, ಅವರಿಗೆ ತೋರಿಸು, ಚಿಂತೆ ಮಾಡಬೇಡ" ಅಂದುಬಿಟ್ಟೆ. ಅದು ಅರ್ಜಿ ತಿರಸ್ಕರಿಸಿದ ಕಾಗದ. ಮೇಲ್ಮನವಿಗೆ 14 ದಿನ ಮಾತ್ರ ಸಮಯ, ಅದು ಮುಗಿಯುವುದು ಆ ಸೋಮವಾರ. ಮೇಲ್ಮನವಿ ಇಲ್ಲದಿದ್ದರೆ 21 ದಿನಕ್ಕೆ ವಾರವಾರ ಕೊಡುವ ದುಡ್ಡೂ ನಿಲ್ಲುತ್ತದೆ, ಸರ್ಕಾರ ಕೊಟ್ಟ ಮನೆಯೂ ಹೋಗುತ್ತದೆ. ಅವನಿಗೆ ಹಾಗೇ ಆಯಿತು. ತಡವಾಗಿ ಹಾಕಿದ ಮೇಲ್ಮನವಿಯನ್ನು ಕೊನೆಗೆ ಒಪ್ಪಿಕೊಂಡರು, ಅವನು ಗೆದ್ದ ಕೂಡ. ಆದರೆ ಅದಕ್ಕೆ ಮುಂಚೆ ಒಂದು ಚಳಿಗಾಲವಿಡೀ ಅವನು ಅವರಿವರ ಸೋಫಾ ಮೇಲೆ ಮಲಗಿದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಕಾಗದದಲ್ಲಿ ಏನಿದೆ ಅಂತ ಓದಿ ಹೇಳುವುದು ಸಲಹೆ ಅಲ್ಲ. ತಾರೀಖು ತೋರಿಸುವುದು, ವಕೀಲರಿಗೆ ಫೋನ್ ಹಚ್ಚಿಕೊಡುವುದು ಸಲಹೆ ಅಲ್ಲ. ಕಾನೂನು ತಡೆದದ್ದಕ್ಕಿಂತ ಜಾಸ್ತಿ ನನ್ನನ್ನು ನಾನೇ ತಡೆದುಕೊಂಡಿದ್ದೆ. ಬಿಗಿ ನಿಯಮಗಳು ಸಹಾಯ ಮಾಡುವವರಿಗೆ ಮಾಡುವುದು ಇದನ್ನೇ. ಜೈಲಿಗೆ ಹಾಕಬೇಕಾಗಿಲ್ಲ, ಹೆದರಿಸಿದರೆ ಸಾಕು. 2022ರಲ್ಲಿ ಕಾಯಿದೆ ಮತ್ತೆ ಬಿಗಿಯಾಯಿತು. ಆಶ್ರಯ ಕೇಳುವವರನ್ನು ದೇಶದೊಳಗೆ ತರಲು ನೆರವಾದವರು ಲಾಭಕ್ಕಾಗಿ ಮಾಡಿದರೆ ಮಾತ್ರ ಅಪರಾಧ ಅಂತಿದ್ದದ್ದರಲ್ಲಿ 'ಲಾಭಕ್ಕಾಗಿ' ಅನ್ನುವ ಮಾತನ್ನೇ ತೆಗೆದರು. ನಮ್ಮ ಇಂಗ್ಲಿಷ್ ಕ್ಲಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಇಬ್ಬರು ಹಿರಿಯರು ಬರುವುದು ಬಿಟ್ಟರು.

ಇನ್ನೊಂದು. 'ಪಾಸಿಟಿವ್ ಬಂತು', ಅಂದರೆ ಆಶ್ರಯದ ಅರ್ಜಿ ಒಪ್ಪಿದರು, ಅಂತ ಯಾರಾದರೂ ಕುಣಿಯುತ್ತಾ ಬಂದರೆ ಖುಷಿಪಡು, ಜೊತೆಗೆ ಆ ದಿನವೇ ಮನೆ ವಿಷಯ ಕೇಳು. ಸ್ಟೇಟಸ್, ಅಂದರೆ ನಿರಾಶ್ರಿತರೆಂಬ ಮಾನ್ಯತೆ, ಸಿಕ್ಕಿದ ಮೇಲೆ ಸರ್ಕಾರದ ಮನೆ ಖಾಲಿ ಮಾಡಲು ಬಹಳ ಕಾಲ 28 ದಿನ ಮಾತ್ರ ಕೊಡುತ್ತಿದ್ದರು. ಬ್ಯಾಂಕ್ ಖಾತೆ, ಕೆಲಸ, ಬಾಡಿಗೆ ಮನೆ ಎಲ್ಲ ಅಷ್ಟರೊಳಗೆ ಆಗಬೇಕು ಅಂದರೆ ಹೇಗೆ ಹೇಳು. ಗೆದ್ದವರೇ ಬೀದಿಗೆ ಬಿದ್ದದ್ದನ್ನು ನೋಡಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ ಸ್ಟೇಟಸ್ ಇದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹೊಸ ಅರ್ಜಿಗಳನ್ನೂ ನಿಲ್ಲಿಸಿದರು. ಆಗ ಕ್ಲಾಸಿನಲ್ಲಿ ಒಬ್ಬರು ಕೇಳಿದ್ದು ಒಂದೇ, ಯಾವಾಗ ಮತ್ತೆ ಶುರುಮಾಡುತ್ತಾರೆ ಅಂತ. ಉತ್ತರ ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಅಂತಲೇ ಹೇಳು, ಸಮಾಧಾನಕ್ಕೆಂದು ಏನೋ ಒಂದು ಹೇಳಬೇಡ.

ಅವರ ಫೋಟೋ ಎಲ್ಲೂ ಹಾಕಬೇಡ, ಕ್ಲಾಸು ನಡೆಯುವ ಜಾಗ ಬರೆಯಬೇಡ. 2024ರ ಆಗಸ್ಟ್‌ನಲ್ಲಿ ರಾದರಮ್‌ನಲ್ಲಿ ಇಂಥವರಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ಹೋಗಿದ್ದರು, ಅದು ನಿನ್ನ ಊರಿಗೆ ದೂರವೇನಲ್ಲ.

ಶನಿವಾರ ಹೋಗು. ಮೊದಲ ದಿನವೇ ಕೋಆರ್ಡಿನೇಟರ್ ಹತ್ತಿರ ಒಂದು ಕೇಳಿಕೋ. ಯಾರಾದರೂ ಲಕೋಟೆ ಹಿಡಿದು ಬಂದರೆ, ನೀವು ಇಲ್ಲದಿದ್ದರೆ, ನಾನು ಯಾರಿಗೆ ಫೋನ್ ಮಾಡಲಿ? ಆ ನಂಬರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೋ.