‘ಖಚಿತ’ ಎಂಬ ಪದ ತೆಗೆಯಿರಿ

ನಮ್ಮದೇ ಜೀವಕೋಶಗಳ ಕೇಂದ್ರದ ಮೇಲೆ ತಿರುಗಿಬೀಳುವ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ರಕ್ತಪರೀಕ್ಷೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ವಿಷಯವೂ ಬೇಕಾದದ್ದೇ. ಆದರೆ ಮೂರನೇ ಪ್ಯಾರಾ ಓದಿ ಸಿಟ್ಟು ಬಂತು. ಈಗಿರುವಂತೆ ಅಚ್ಚಿಗೆ ಕೊಡಲಾರೆ.

ಲೂಪಸ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ. ‘ಎಎನ್‌ಎ ಪಾಸಿಟಿವ್ ಬಂದರೆ ಲೂಪಸ್ ಖಚಿತ’ ಎಂದು ಬರೆದಿದ್ದೀರಿ. ರಿಪೋರ್ಟ್ ಕೈಯಲ್ಲಿ ಹಿಡಿದು ಕೂತವರು ಇದನ್ನು ಓದಿದರೆ ಆ ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ. ರಕ್ತದ ತಿಳಿಯನ್ನು (ಸೀರಮ್) ಎಂಬತ್ತು ಪಟ್ಟು ತೆಳುಮಾಡಿ ನೋಡುವ 1:80ರ ಮಟ್ಟದಲ್ಲಿ ಆರೋಗ್ಯವಂತರಲ್ಲೇ ನೂರಕ್ಕೆ ಸುಮಾರು 10–15 ಮಂದಿ ಪಾಸಿಟಿವ್ ಇರುತ್ತಾರೆ. ಥೈರಾಯ್ಡ್ ತೊಂದರೆ, ಕೆಲವು ಸೋಂಕು, ಕೆಲವು ಔಷಧಿ, ಬರಿಯ ವಯಸ್ಸು, ಯಾವುದರಿಂದಲೂ ಹಾಗೆ ಬರಬಹುದು. ವಾಕ್ಯವನ್ನು ತಿರುಗಿಸಿ: ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಎಎನ್‌ಎ ಪಾಸಿಟಿವ್, ಎಎನ್‌ಎ ಪಾಸಿಟಿವ್ ಇರುವವರಲ್ಲಿ ಬಹುಪಾಲು ಮಂದಿಗೆ ಲೂಪಸ್ ಇಲ್ಲ.

ನಾನು ಈ ಕೆಲಸ ಕಲಿಯುವಾಗ ಪ್ರತಿ ‘ಖಚಿತ’ದ ಕೆಳಗೂ ಕೆಂಪು ಗೆರೆ ಎಳೆದು, ಅಂಚಿನಲ್ಲಿ ‘ನೂರರಲ್ಲಿ ಎಷ್ಟು ಮಂದಿಗೆ?’ ಎಂದು ಬರೆಯಬೇಕಿತ್ತು. ನಿಮ್ಮ ಪ್ರತಿಯಲ್ಲಿ ಅಂಥ ಏಳು ಗೆರೆ ಬಿದ್ದಿವೆ.

ಮುಂದಿನ ಸಾಲು: ‘1:640 ಬಂದವರಿಗೆ 1:80 ಬಂದವರಿಗಿಂತ ಎಂಟು ಪಟ್ಟು ಕಾಯಿಲೆ.’ ಟೈಟರ್, ಅಂದರೆ 1:80, 1:640 ಎಂಬ ಈ ಅಂಕಿ, ಕಾಯಿಲೆಯ ಅಳತೆಯಲ್ಲ. ಸೀರಮ್ಮನ್ನು 1:80, 1:160, 1:320 ಹೀಗೆ ಪ್ರತಿ ಸಲವೂ ಅರ್ಧಕ್ಕೆ ತೆಳುಮಾಡುತ್ತಾರೆ. ಒಂದೊಂದನ್ನೂ ಹೆಪ್-2 ಎಂಬ, ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳಿರುವ ಸ್ಲೈಡಿಗೆ ಹಾಕಿ, ತೊಳೆದು, ಹೊಳೆಯುವ ಬಣ್ಣ ಅಂಟಿಸಿದ ಇನ್ನೊಂದು ಪ್ರತಿಕಾಯ ಸೇರಿಸಿ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಹಸಿರು ಹೊಳಪು ಇನ್ನೂ ಕಾಣುವ ಕೊನೆಯ ಹಂತವೇ ಟೈಟರ್. ಹಲವು ಕಡೆ ಇದು ಕಣ್ಣಂದಾಜಿನ ತೀರ್ಪು. ಅದೇ ರಕ್ತ ಇನ್ನೊಂದು ಲ್ಯಾಬಿನಲ್ಲಿ ಒಂದು ಹಂತ ಮೇಲೋ ಕೆಳಗೋ ಬರಬಹುದು. 1:160 ಇದ್ದದ್ದು 1:320 ಆದರೆ ರೋಗ ಉಲ್ಬಣಿಸಿತು ಎಂದಲ್ಲ. ಟೈಟರ್ ಹೆಚ್ಚಿದಷ್ಟೂ ಆಟೋಇಮ್ಯೂನ್ ಕಾಯಿಲೆ ಇರುವ ಸಂಭವ ಹೆಚ್ಚು ಎನ್ನಿ, ಅಲ್ಲಿಗೆ ನಿಲ್ಲಿಸಿ.

‘ಮೂರು ತಿಂಗಳಿಗೊಮ್ಮೆ ಎಎನ್‌ಎ ಮಾಡಿಸಿ’ ಎಂಬ ಸಲಹೆಯನ್ನು ಹೊಡೆದುಹಾಕಿದ್ದೇನೆ. ಅದು ದುಡ್ಡು ದಂಡ. ಲೂಪಸ್‌ನ ಏರಿಳಿತಕ್ಕೆ ವೈದ್ಯರು ನೋಡುವುದು ಆಂಟಿ-ಡಿಎಸ್‌ಡಿಎನ್‌ಎ (ಡಿಎನ್‌ಎ ವಿರುದ್ಧದ ಪ್ರತಿಕಾಯ), ಸಿ3, ಸಿ4 ಎಂಬ ರಕ್ತದ ರೋಗನಿರೋಧಕ ಪ್ರೋಟೀನುಗಳು, ಮೂತ್ರದ ಪ್ರೋಟೀನ್.

ಗಟ್ಟಿಯಾಗಿ ಏನಾದರೂ ಹೇಳಲೇಬೇಕಿದ್ದರೆ ಆಂಟಿ-ಎಸ್‌ಎಂ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯ ಬಗ್ಗೆ ಹೇಳಿ. ಪಾಸಿಟಿವ್ ಬಂದರೆ ಲೂಪಸ್‌ಗೆ ಅದು ಬಲವಾದ ಸುಳಿವು. ಆದರೆ ಲೂಪಸ್ ಇರುವ ಹೆಚ್ಚಿನವರಲ್ಲಿ ಅದು ಸಿಗುವುದೇ ಇಲ್ಲ. ಈ ಎರಡು ಮಾತನ್ನೂ ಒಂದೇ ವಾಕ್ಯದಲ್ಲಿ ಇಟ್ಟು ಬರೆದು ಕಳಿಸಿ.